ಚಂದ್ರನ ಬಗ್ಗೆ ಮಾಮ ಕೇಳಿದ್ದು

ಪಕ್ಕದ ಮನೆಯವರು ಹೊಸದಾಗಿ ಮೀನಿನ ತೊಟ್ಟಿ ತಂದು ಕಿಟಕಿಯ ಬಳಿ ಇಟ್ಟಿದ್ದಾರೆ. ಅದರೊಳಗಿನ ಪುಟ್ಟ ಪಂಪು ಹಗಲೆಲ್ಲ ಗುಳುಗುಳು ಎನ್ನುತ್ತಿರುತ್ತದೆ. ಬೇರೆಯವರಿಗೆ ಅದು ಹಿತವಾದ ಸದ್ದೇ ಇರಬೇಕು. ನನಗೆ ಮಾತ್ರ ಅದು ಕಿವಿಗೆ ಬಿದ್ದರೆ ಸಾಕು, ಯಲ್ದೂರಿನ ಮಾಮನ ಮನೆಯ ನಡುಮನೆ ಕಣ್ಣಮುಂದೆ ಬರುತ್ತದೆ. ಅಲ್ಲೂ ಆಕ್ಸಿಜನ್ ಮೆಷಿನ್ನಿನ ಬಾಟಲಿಯಲ್ಲಿ ಹೀಗೇ ಗುಳ್ಳೆ ಏಳುತ್ತಿದ್ದವು. ಅದರಿಂದ ಹೊರಟ ಕೊಳವೆ ಮಾಮನ ಮೂಗಿಗೆ ಸೇರಿತ್ತು.

ಮಾಮ ನನ್ನ ತಾಯಿಯ ತಮ್ಮ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹರಾಜು ಕೂಗುವುದು ಅವರ ಕೆಲಸ. ತೆಲುಗಿನಲ್ಲಿ ಶುರುವಾದ ಬೆಲೆ ಕನ್ನಡದಲ್ಲಿ ಏರಿ ಉರ್ದುವಿನಲ್ಲಿ ಮುಗಿಯುತ್ತಿತ್ತು. ಲಾರಿಗಳ ಹಾರ್ನಿನ ನಡುವೆಯೂ ಆ ದನಿ ರಸ್ತೆಗೆ ಕೇಳುತ್ತಿತ್ತು. ನಮ್ಮ ಮನೆಯಲ್ಲಿ ಯಾರೂ ಅವರ ಹತ್ತಿರ ಗುಟ್ಟು ಹೇಳುತ್ತಿರಲಿಲ್ಲ. ಅವರು ಪಿಸುಗುಟ್ಟಿದರೂ ಆಚೆಮನೆಯವರು ಹೂಂಗುಡುವಂತಿರುತ್ತಿತ್ತು. ನನ್ನ ಮದುವೆಯ ಮಾತುಕತೆ ಊರಿಗೆಲ್ಲ ಗೊತ್ತಾದದ್ದು ಹಾಗೆಯೇ. ಇರಲಿ, ಅದು ಬೇರೆ ಕತೆ.

ಅಂಥವರಿಗೆ ಒಂದು ವರ್ಷ ಕೆಟ್ಟ ಜ್ವರ ಬಂತು. ಜ್ವರ ಹೋಯಿತು, ಶ್ವಾಸಕೋಶ ಮಾತ್ರ ಸರಿಯಾಗಲಿಲ್ಲ. ಕೋಲಾರದ ಡಾಕ್ಟರು ಮೆಷಿನ್ ಬರೆದುಕೊಟ್ಟರು. ಕೊಳವೆ ನಡುಮನೆಯಿಂದ ಜಗಲಿಯವರೆಗೆ ಬರುತ್ತಿತ್ತು, ಅದರಾಚೆಗಿಲ್ಲ. ಎದುರಿಗೇ ಮಾವಿನ ತೋಪು. ಮಾಮ ಜಗಲಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದರು.

ನಮ್ಮ ದೇಶದ ನೌಕೆ ಚಂದ್ರನ ಮೇಲೆ ಇಳಿದ ಸಂಜೆ ನಾನು ಅಲ್ಲಿದ್ದೆ. ಟೀವಿಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು, ನಾವೂ ತಟ್ಟಿದೆವು. ಮಾಮ ಮಾತ್ರ ತಟ್ಟದೆ ನನ್ನ ಕಡೆ ತಿರುಗಿದರು. "ಅಕ್ಕಡ ಮನಿಷಿ ಬತುಕುತಾಡಾ?" ಅಂದರು. ಏನಾದರೂ ತೀರಾ ಮುಖ್ಯವೆನಿಸಿದರೆ ಅವರು ತೆಲುಗಿಗೆ ಹೋಗುತ್ತಿದ್ದರು. ಅಲ್ಲಿ ಮನುಷ್ಯ ಬದುಕುತ್ತಾನಾ ಎಂದು ಅವರ ಪ್ರಶ್ನೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಇಂಥ ಪ್ರಶ್ನೆ ಸಿಕ್ಕರೆ ಬಿಡುತ್ತೇನೆಯೇ? "ಇಲ್ಲ ಮಾಮ, ಆಗಲ್ಲ. ಅಲ್ಲಿ ಗಾಳೀನೇ ಇಲ್ಲ. ಹಗಲು ಸುಡುತ್ತೆ, ರಾತ್ರಿ ಸೆಟೆದುಹೋಗೋಷ್ಟು ಚಳಿ," ಎಂದು ಶುರುಮಾಡಿದೆ.

"ಗಾಳಿ ನಾವೇ ಎತ್ಕೊಂಡೋದ್ರೆ?"

"ಆಗ ಆಗುತ್ತೆ. ಅದು ಮುಗಿಯೋವರ್ಗೂ."

"ಮನೆಯಿಂದ ಈಚೆ ಬಂದು ಓಡಾಡ್ಬೋದಾ?"

"ಸ್ವಲ್ಪ ಹೊತ್ತು ಓಡಾಡ್ಬೋದು. ಆಮೇಲೆ ಒಳಕ್ಕೆ ಬಂದ್ಬಿಡ್ಬೇಕು."

ಮಾಮನ ಹೆಂಡತಿ, ನನ್ನ ಅತ್ತೆ, ಬೇಸರದಿಂದ ಟೀವಿಯ ಸದ್ದು ತಗ್ಗಿಸಿದರು. "ಆಗುತ್ತೋ ಆಗಲ್ವೋ, ಒಂದು ಹೇಳೇ. ಸ್ಕೂಲಲ್ಲೂ ಹಿಂಗೇ ಪಾಠ ಮಾಡ್ತೀಯಾ?"

ನಾನು ನಕ್ಕೆ. ಮಾಮ ನಗಲಿಲ್ಲ. ಯಾರ ಬಗ್ಗೆ ಕೇಳುತ್ತಿದ್ದಾರೆ ಎಂಬುದು ನನಗೆ ಆಗ ಹೊಳೆಯಲೇ ಇಲ್ಲ.

ಹೊಳೆದದ್ದು ಮುಂದಿನ ಮಾವಿನ ಕಾಲದಲ್ಲಿ. ಮಾಮ ಯಾರಿಗೋ ಫೋನ್ ಮಾಡಿ ಕೋಲಾರದಿಂದ ಸಣ್ಣ ಸಿಲಿಂಡರೊಂದನ್ನು ಬಾಡಿಗೆಗೆ ತರಿಸಿಬಿಟ್ಟಿದ್ದರು. "ಮಂಡಿಗೆ ಹೋಗಿ ಬರ್ತೀನಿ. ಗಾಳಿ ಜೊತೇಲಿದ್ರೆ ಆಗುತ್ತೆ ಅಂತ ಮೇಡಮ್ಮೇ ಹೇಳವ್ಳೆ," ಅಂದರು. "ಆಗಲ್ಲ ಅಂತಲೂ ಅವ್ಳೇ ಹೇಳಿದ್ದು, ನಾನೂ ಅಲ್ಲೇ ಇದ್ದೆ," ಅಂದರು ಅತ್ತೆ. ಇಬ್ಬರೂ ನನ್ನ ಮುಖ ನೋಡಿದರು. ಡಾಕ್ಟರಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತಾದರೆ ಪರವಾಗಿಲ್ಲ, ಧೂಳಿಗೆ ಮಾತ್ರ ಹೋಗಬಾರದು ಎಂದರು. ಧೂಳಿಲ್ಲದ ಮಾವಿನ ಮಂಡಿ ಎಲ್ಲಾದರೂ ಉಂಟೇ, ನೀವೇ ಹೇಳಿ. ನಾನು ಹೂಂ ಎಂದೆನೋ ಉಹೂಂ ಎಂದೆನೋ ಈಗಲೂ ಸರಿಯಾಗಿ ನೆನಪಿಲ್ಲ. ಕಾರಿನಲ್ಲಿ ಅವರ ಪಕ್ಕದಲ್ಲಿ, ಸಿಲಿಂಡರನ್ನು ಮಗುವಿನಂತೆ ತಬ್ಬಿ ಕೂತಿದ್ದು ನೆನಪಿದೆ. ಅತ್ತೆ ಸಿಟ್ಟಿನಿಂದ ಬಾಗಿಲಿಗೂ ಬರಲಿಲ್ಲ.

ಮಂಡಿಯಲ್ಲಿ ಬಾದಾಮಿ, ತೋತಾಪುರಿ ರಾಶಿ ರಾಶಿ ಬಿದ್ದಿದ್ದವು. ಹುಲ್ಲಿನ ಧೂಳು ಬಿಸಿಲಲ್ಲಿ ಹೊಗೆಯ ಹಾಗೆ ತೇಲುತ್ತಿತ್ತು. ಮಾಮನನ್ನು ಕಂಡು ಹಳೆಯ ವ್ಯಾಪಾರಿಗಳೆಲ್ಲ ಸುತ್ತ ಸೇರಿದರು. ಒಬ್ಬರು ಪ್ಲಾಸ್ಟಿಕ್ ಕುರ್ಚಿ ತಂದರು. ಇನ್ನೊಬ್ಬರು, "ಅಣ್ಣಾ, ಒಂದೇ ಒಂದು ರಾಶಿ ಕೂಗಿ," ಎಂದರು. ಬೇಡ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಮಾಮ ಕೈ ಎತ್ತಿಯಾಗಿತ್ತು.

ದನಿ ಬರಲಿಲ್ಲ. ಬಂದದ್ದು ಬರೀ ಉಸಿರು, ನಡುವೆ ಒಂದೊಂದು ಅಕ್ಷರ. ಎದುರಿಗಿದ್ದವರಿಗಷ್ಟೇ ಅದು ಕೇಳಿಸಿತು. ಅವರು ಹಿಂತಿರುಗಿ ಅದನ್ನೇ ಜೋರಾಗಿ ಹೇಳಿದರು. ಅವರ ಹಿಂದಿನವರು ತಮ್ಮ ಹಿಂದಿನವರಿಗೆ ಹೇಳಿದರು. ಹಾಗೆ ಮಾಮನ ಕೂಗು ಬಾಯಿಂದ ಬಾಯಿಗೆ ಮಂಡಿಯ ಕೊನೆಯವರೆಗೂ ಹೋಯಿತು. ಯಾರೂ ನಗಲಿಲ್ಲ. ರಾಶಿ ಮಾರಾಟವಾಯಿತು. ಮಾಮನ ತುಟಿ ನೀಲಿಯಾಗಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು. ನಾನು ಅವರನ್ನು ಎಬ್ಬಿಸಿಕೊಂಡು ಕಾರಿನ ಕಡೆಗೆ ಹೊರಟೆ.

ಆಮೇಲೆ ಅವರು ಆಸ್ಪತ್ರೆ ಸೇರಿದರು, ಮನೆಗೂ ಬಂದರು. ಮತ್ತೆ ಜಗಲಿಗೂ ಬರಲಾಗಲಿಲ್ಲ. ಮಲಗಿದಲ್ಲೇ ಮಂಡಿಯ ಸುದ್ದಿಯನ್ನು ಬಂದವರಿಗೆಲ್ಲ ಮೆಲ್ಲಗೆ ಹೇಳುತ್ತಿದ್ದರು. ಮಾವು ಮತ್ತೆ ಹೂ ಬಿಡುವ ಮೊದಲೇ ತೀರಿಕೊಂಡರು.

ಅತ್ತೆ ಕೆಲವು ದಿನ, "ಆ ಧೂಳೇ ಅವ್ರನ್ನ ತಗೊಂಡೋಯ್ತು," ಎನ್ನುತ್ತಿದ್ದರು. ಇನ್ನು ಕೆಲವು ದಿನ, "ಮಂಡಿಗೆ ಹೋಗಿ ಬಂದ್ಮೇಲೇನೆ ಅವ್ರು ಹೊಟ್ಟೆ ತುಂಬ ಉಂಡಿದ್ದು," ಎನ್ನುತ್ತಿದ್ದರು. ಎರಡಕ್ಕೂ ನಾನು ತಲೆಯಾಡಿಸುತ್ತಿದ್ದೆ. ಎರಡೂ ನಿಜವಿರಬಹುದೇ? ಆ ದಿನ ನಾನು ಮಾಡಿದ್ದು ಸರಿಯೋ ತಪ್ಪೋ? ಎಷ್ಟು ಯೋಚಿಸಿದರೂ ನನಗೆ ಬಗೆಹರಿದಿಲ್ಲ.

ಕಳೆದ ಭಾನುವಾರ ಯಲ್ದೂರಿಗೆ ಹೋಗಿದ್ದೆ. ಅತ್ತೆ ಕಾಫಿ ಕೊಟ್ಟು ಎದುರಿಗೆ ಕೂತರು. "ಚಂದ್ರನ ಮೇಲಕ್ಕೆ ಮನುಷ್ಯರನ್ನೂ ಕಳಿಸ್ತಾರಂತಲ್ಲೇ. ಬದುಕ್ತಾರಾ?" ಎಂದು ಕೇಳಿದರು.

ಗಾಳಿ, ಬಿಸಿಲು, ಚಳಿ ಎಲ್ಲ ನಾಲಿಗೆಯ ತುದಿಯವರೆಗೆ ಬಂದವು. "ಗೊತ್ತಿಲ್ಲ ಅತ್ತೆ," ಎಂದೆ.

ಅತ್ತೆ ಸೆರಗು ಸರಿಮಾಡಿಕೊಂಡು, "ಈ ಸಲ ನನ್ನೂ ಮಂಡಿಗೆ ಕರ್ಕೊಂಡೋಗು. ಇಷ್ಟು ವರ್ಷ ಸಂಸಾರ ಮಾಡ್ದೆ, ಅವ್ರು ನಿಂತು ಕೂಗ್ತಿದ್ದ ಜಾಗ ಒಂದ್ಸಲಾನೂ ನೋಡಿಲ್ಲ," ಅಂದರು.

ಅವರ ಮೊಣಕಾಲು ನೋವು, ಅಲ್ಲಿಯ ನೂಕುನುಗ್ಗಲು ಎಲ್ಲ ನೆನಪಿಗೆ ಬಂತು. ಆಗುತ್ತೆ ಎನ್ನಲೂ ಇಲ್ಲ, ಆಗಲ್ಲ ಎನ್ನಲೂ ಇಲ್ಲ. "ಬೆಳಿಗ್ಗೆ ಬೇಗ ಹೊರಡೋಣ, ಬಿಸಿಲು ಕಮ್ಮಿ ಇರುತ್ತೆ," ಎಂದೆ.