ಹುಚ್ಚುಮದ್ದು

ಮೊನ್ನೆ ನೋಯ್ಡಾದ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿನಲ್ಲಿ ನಾನು ಬ್ಯೂಟಿಷಿಯನ್ ಆಗಿದ್ದೆ.

ಆಗಿದ್ದೆ ಅಂದರೆ, ನಾನು ಹೋಗಬೇಕಿದ್ದ ಮನೆಯವರು ಇಂಟರ್‌ಕಾಮಿನಲ್ಲಿ ಗಾರ್ಡ್‌ಗೆ ಹಾಗೆಂದು ಹೇಳಿದ್ದರು. ಅವನು ರಿಸೀವರ್ ಕೆಳಗಿಟ್ಟು ನನ್ನ ಎಣ್ಣೆ ಹಚ್ಚಿದ ತಲೆ, ಬೆವರು ಸುರಿಯುವ ಮುಖ, ಸವೆದ ಚಪ್ಪಲಿ ಎಲ್ಲವನ್ನೂ ನಿಧಾನವಾಗಿ ನೋಡಿ, "ಪಾರ್ಲರ್ ವಾಲಿ? ಆಪ್?" ಎಂದ. ಆ ಒಂದು 'ಆಪ್'ನಲ್ಲಿ (ನೀವಾ?) ಎಷ್ಟೊಂದು ಅನುಮಾನ! ನಾನೂ ಬಿಡಲಿಲ್ಲ. "ದೂಸರೋಂ ಕಾ ಕರ್ತೀ ಹೂಂ ಭಯ್ಯಾ, ಅಪ್ನಾ ನಹೀಂ" (ಬೇರೆಯವರಿಗೆ ಮಾಡ್ತೀನಪ್ಪಾ, ನನಗಲ್ಲ) ಎಂದು ಲಿಫ್ಟ್ ಹತ್ತಿದೆ. ಊರವರ ಮುಖ ತಿಕ್ಕುವವಳಿಗೆ ತನ್ನ ಮುಖ ತೊಳೆಯಲು ಪುರುಸೊತ್ತು ಎಲ್ಲಿ?

ಈ ಅಂಕಣ ಓದುವವರಿಗೆ ನನ್ನ ಕೆಲಸ ಗೊತ್ತು. ಇವತ್ತೇ ಮೊದಲು ಕಣ್ಣು ಹಾಯಿಸುತ್ತಿರುವವರಿಗೆ ಹೇಳಿಬಿಡುತ್ತೇನೆ. ನಾನು ಸೈಕಿಯಾಟ್ರಿಕ್ ನರ್ಸ್. ವಾರ್ಡಿನ ಒಳಗಲ್ಲ, ಹೊರಗೆ. ಮನೆಗೆ ಹೋದ ಪೇಶೆಂಟ್‌ಗಳು ಮಾತ್ರೆ ನುಂಗುತ್ತಿದ್ದಾರಾ ಇಲ್ಲಾ ತುಳಸಿ ಕುಂಡಕ್ಕೆ ಹಾಕುತ್ತಿದ್ದಾರಾ, ನಿದ್ದೆ ಮಾಡುತ್ತಿದ್ದಾರಾ, ಇಂಜೆಕ್ಷನ್ ಹಾಕುವ ದಿನ ಬಂತಾ ಎಂದು ದೆಹಲಿಯ ಈ ತುದಿಯಿಂದ ಆ ತುದಿಗೆ ಮೆಟ್ರೋದಲ್ಲಿ ಜೋತಾಡಿಕೊಂಡು ಹೋಗಿ ನೋಡಿ ಬರುವವಳು. ಒಟ್ಟಿನಲ್ಲಿ ಮನೆಮನೆಗೆ ಹೋಗುವ ನರ್ಸಮ್ಮ.

ಆದರೆ ಯಾವ ಮನೆಯಲ್ಲೂ ನಾನು ಅದಲ್ಲ! ಫರೀದಾಬಾದಿನ ಒಂದು ಮನೆಯಲ್ಲಿ ಇನ್ಶೂರೆನ್ಸ್ ಏಜೆಂಟ್. ಇನ್ನೊಂದರಲ್ಲಿ ದೂರದ ಚಿಕ್ಕಮ್ಮ (ಪಂಜಾಬಿ ಮನೆ, ನನ್ನ ಪಂಜಾಬಿ 'ಚಂಗಾ', ಅಂದರೆ 'ಚೆನ್ನಾಗಿದೆ', ದಾಟಿ ಮುಂದೆ ಹೋಗುವುದಿಲ್ಲ). ಸ್ವಲ್ಪ ಧೈರ್ಯಸ್ಥರ ಮನೆಯಲ್ಲಿ ಬಿಪಿ ನೋಡುವ ಸಿಸ್ಟರ್. ಬಿಪಿಗೆ ಎಷ್ಟು ಮರ್ಯಾದೆ ನೋಡಿ! ಮದುವೆ ಊಟದ ಪಂಕ್ತಿಯಲ್ಲಿ "ನಮಗೆ ಶುಗರ್" ಎಂದು ಪರಿಚಯ ಹೇಳಿಕೊಂಡು ಎರಡನೇ ಹೋಳಿಗೆ ಹಾಕಿಸಿಕೊಳ್ಳುವವರನ್ನು ನೋಡಿದ್ದೇನೆ. "ನಮಗೆ ಸ್ಕಿಜೋಫ್ರೇನಿಯಾ, ತುಪ್ಪ ಸ್ವಲ್ಪ ಕಡಿಮೆ ಹಾಕಿ" ಅಂದವರನ್ನು ಇನ್ನೂ ನೋಡಬೇಕಿದೆ.

ಇಷ್ಟೆಲ್ಲ ವೇಷಗಳಲ್ಲಿ ನನಗೆ ತುಂಬಾ ಗೌರವ ತಂದದ್ದು ಪೀತಮ್‌ಪುರದ ವೇಷ. ಅಲ್ಲಿ ನಾನು ಕನ್ನಡ ಟೀಚರ್.

ಅದು ವಿಮಲಮ್ಮನವರ ಮನೆ. ಯಜಮಾನರು ಕೇಂದ್ರ ಸರ್ಕಾರದ ಆಫೀಸರ್. ಮಗಳು ಶುಭಾ ದೆಹಲಿಯಲ್ಲೇ ಹುಟ್ಟಿ ಬೆಳೆದವಳು. (ಶುಭಾ ಎನ್ನುವುದು ಅವಳೇ ಆರಿಸಿಕೊಂಡ ಹೆಸರು. ಈ ಬರಹದಲ್ಲಿ ಹೆಸರುಗಳೂ ನನ್ನ ಹಾಗೇ ವೇಷ ಹಾಕಿವೆ. ಎಲ್ಲರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಶುಭಾಳದ್ದು ಒಂದೇ ಷರತ್ತು: ತಾನು ನೋಡಲು ಚೆನ್ನಾಗಿದ್ದೇನೆ ಎಂದು ಬರೆಯಬೇಕಂತೆ. ಚೆನ್ನಾಗಿದ್ದಾಳೆ.) ಕೆಲವು ವರ್ಷಗಳ ಹಿಂದೆ ಅವಳಿಗೆ ಕಿವಿಯಲ್ಲಿ ಮಾತು ಕೇಳಿಸತೊಡಗಿತು. ಯಾರೂ ಇಲ್ಲದಾಗ ಯಾರೋ ಬೈಯುವುದು, ಹೆದರಿಸುವುದು. ಈಗ ತಿಂಗಳಿಗೊಂದು ಇಂಜೆಕ್ಷನ್‌ನಲ್ಲಿ ಅವೆಲ್ಲ ಬಾಯಿ ಮುಚ್ಚಿಕೊಂಡಿವೆ. ಆ ಇಂಜೆಕ್ಷನ್ ಹಾಕುವವಳು ನಾನು.

ಮೊದಲ ಸಲ ಮೆಟ್ಟಿಲ ಬಳಿ ಪಕ್ಕದ ಮನೆಯವರು "ಯಾರಿವರು?" ಎಂದಾಗ ವಿಮಲಮ್ಮ ಥಟ್ಟನೆ "ಶುಭಾಗೆ ಕನ್ನಡ ಹೇಳ್ಕೊಡೋಕೆ ಬರ್ತಾರೆ" ಎಂದುಬಿಟ್ಟರು. ನಂಬದಿರಲು ಕಾರಣವೇ ಇರಲಿಲ್ಲ. ದೆಹಲಿಯಲ್ಲಿ ಬೆಳೆದ ಮಕ್ಕಳ ಕನ್ನಡ ಕೇಳಿದವರಿಗೆ, ಅದಕ್ಕೆ ಮನೆಗೇ ಬಂದು ಟ್ರೀಟ್‌ಮೆಂಟ್ ಕೊಡಬೇಕು ಎಂಬುದರಲ್ಲಿ ಸಂಶಯ ಇರುವುದಿಲ್ಲ.

ತಮಾಷೆ ಎಂದರೆ ಶುಭಾ ನಿಜಕ್ಕೂ ಕಲಿಯತೊಡಗಿದಳು. ಯಾಕೆ ಎಂದು ಕೇಳಿದೆ. "ಸಿಸ್ಟರ್, ಅವು ಮಾತಾಡ್ತಿದ್ದಿದ್ದೆಲ್ಲ ಹಿಂದೀಲಿ. ಅವಕ್ಕೆ ಕನ್ನಡ ಬರಲ್ಲ. ಅದಕ್ಕೇ" ಎಂದಳು. (ದಯವಿಟ್ಟು ಯಾರೂ 'ಕನ್ನಡವೇ ದಿವ್ಯೌಷಧ' ಎಂದು ವಾಟ್ಸಾಪಿನಲ್ಲಿ ಹರಡಬೇಡಿ. ಗುಣ ಮಾಡಿದ್ದು ಇಂಜೆಕ್ಷನ್ನು.)

ಒಂದು ದಿನ ಇಂಜೆಕ್ಷನ್‌ಗೆ ಕನ್ನಡದಲ್ಲಿ ಏನು ಎಂದು ಕೇಳಿದಳು. ಚುಚ್ಚುಮದ್ದು ಎಂದೆ. "ಅಚ್ಛಾ, ಹುಚ್ಚುಮದ್ದು" ಎಂದಳು. ನಾನು ಸಿರಿಂಜು ಪಕ್ಕಕ್ಕಿಟ್ಟು ಜೋರಾಗಿ ನಕ್ಕುಬಿಟ್ಟೆ. ವಿಮಲಮ್ಮ ಅಡುಗೆಮನೆಯಿಂದ ಓಡಿ ಬಂದು, "ಮೆಲ್ಲಗೆ! ಗೋಡೆಗೂ ಕಿವಿ ಇದೆ" ಎಂದರು. ಅವಳಿಗೆ ನಿಜವಾಗಿಯೂ ತಪ್ಪಾಗಿ ಕೇಳಿಸಿತ್ತೋ, ಬೇಕೆಂದೇ ಹೇಳಿದಳೋ ಗೊತ್ತಾಗಲಿಲ್ಲ. ಆಮೇಲೆ ನಮ್ಮಿಬ್ಬರ ನಡುವೆ ಅದೇ ಹೆಸರು ನಿಂತಿತು.

ಸುಳ್ಳಿನ ಕಷ್ಟ ಏನೆಂದರೆ, ಅದಕ್ಕೂ ಒಳ್ಳೆಯ ಹೆಸರು ಬರುತ್ತದೆ. "ಆ ಟೀಚರ್ ಬಂದ ಮೇಲೆ ಶುಭಾ ಎಷ್ಟು ಚೆನ್ನಾಗಿ ಮಾತಾಡ್ತಾಳೆ!" ಎಂದು ಸುದ್ದಿಯಾಯಿತು. ಕಳೆದ ವಾರ ಹೋದರೆ, ಹಾಲ್‌ನಲ್ಲಿ ಕೆಳಗಿನ ಮನೆಯ ಮಿಸೆಸ್ ಜೋಶಿ ತಮ್ಮ ಇಬ್ಬರು ಮಕ್ಕಳನ್ನು ಸ್ನಾನ ಮಾಡಿಸಿ, ತಲೆ ಬಾಚಿ, ಸ್ಲೇಟು ಹಿಡಿಸಿ ಕೂರಿಸಿದ್ದರು. ಅವರು ಧಾರವಾಡದವರು.

"ಮೇಡಂ, ನಮ್ಮ ಹುಡುಗ್ರಿಗೂ ನಾಕು ಅಕ್ಷರ ಕಲಸ್ರಿ. ಮನ್ಯಾಗ ಬರೇ ಹಿಂದೀನ ಆಗೇದ."

ವಿಮಲಮ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು. "ಇವತ್ತು ಇಂಜೆಕ್ಷನ್ ಬೇಡ ಸಿಸ್ಟರ್. ಸ್ಪಿರಿಟ್ ವಾಸನೆ ಬಂದ್ರೆ ಅವರಿಗೆ ಗೊತ್ತಾಗುತ್ತೆ. ಮುಂದಿನ ತಿಂಗಳು ಎರಡೂ ಸೇರಿಸಿ ಹಾಕ್ಬಿಡಿ."

"ಏನು ವಿಮಲಮ್ಮ, ಇದೇನು ಬಾಕಿ ಉಳಿದ ಮೊಸರಿನ ಪ್ಯಾಕೆಟ್ಟಾ?" ಎಂದೆ.

ನನಗೆ ನಿಜವಾಗಿ ಕೋಪ ಬಂದಿತ್ತು. ಕಳೆದ ವರ್ಷ ಸಂಬಂಧಿಕರ ಮದುವೆ ಎಂದು ಹೀಗೇ ಮುಂದೂಡಿದ್ದರು. ಆಮೇಲೆ ಏನಾಯಿತು? ಮೆಟ್ರೋ ಸ್ಟೇಷನ್ನಿನಲ್ಲಿ ಅನೌನ್ಸ್‌ಮೆಂಟ್ ತನ್ನ ಬಗ್ಗೆಯೇ ಹೇಳುತ್ತಿದೆ ಎಂದು ಶುಭಾ ಪ್ಲಾಟ್‌ಫಾರ್ಮಿನ ಮೇಲೆ ಕಿವಿ ಮುಚ್ಚಿಕೊಂಡು ಕೂತುಬಿಟ್ಟಿದ್ದಳು. ಏಳಿಸಲು ಅಪ್ಪನೇ ಬರಬೇಕಾಯಿತು. ಆಗ ಅವಳಿಗಿದ್ದ ನೋಯ್ಡಾದ ಕೆಲಸ ಹೋಯಿತು. ಈಗ ಅಂತೂ ಇಂತೂ ಮನೆ ಹತ್ತಿರದ ಒಂದು ಡಿಸೈನ್ ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು. ಬರುವ ಸೋಮವಾರ ಸೇರಬೇಕು. ಆ ಸೋಮವಾರ ಉಳಿಯಬೇಕಾದರೆ ಇಂಜೆಕ್ಷನ್ ತಪ್ಪಬಾರದು. ಬೇರೆ ದಿನ ಬರೋಣ ಎಂದರೆ ನನಗೆ ಮರುದಿನದಿಂದ ಆ ವಾರವೆಲ್ಲ ಫರೀದಾಬಾದ್ ಡ್ಯೂಟಿ. ನನ್ನ ಬದಲಿಗೆ ಬರುವವನು ಹರಿಯಾಣದ ಆರಡಿ ಆಳು, ಮೀಸೆ ಬೇರೆ.

"ಅವನನ್ನೂ ಕನ್ನಡ ಮೇಷ್ಟ್ರು ಅಂತೀರಾ?" ಎಂದೆ. ವಿಮಲಮ್ಮ ಒಲೆಯ ಕಡೆ ತಿರುಗಿದರು. ಉಪ್ಪಿಟ್ಟು ತಿರುವುತ್ತಾ ನಿಂತರು. ಅವರ ಕಣ್ಣು ತುಂಬಿತ್ತು. ಅವರನ್ನು ಸುಮ್ಮನೆ ಬೈದು ಪ್ರಯೋಜನವಿಲ್ಲ. ಮಗಳು ಊಟ ಬಿಟ್ಟಾಗ ಬಾಗಿಲ ಹೊರಗೆ ತಟ್ಟೆ ಹಿಡಿದು ಗಂಟೆಗಟ್ಟಲೆ ಕೂತವರು ಅವರೇ. ಆಗ ಹೊಸ್ತಿಲು ತುಳಿಯದ ಜನ ನಾಳೆ ಬಾಯಿಗೆ ಬಂದದ್ದು ಆಡುತ್ತಾರೆ ಎಂಬ ಭಯ ಅವರದ್ದು. ಸುಳ್ಳು ಭಯ ಎಂದು ನಾನು ಹೇಗೆ ಹೇಳಲಿ?

ಸರಿ, ಮೊದಲು ಪಾಠ ಮುಗಿಸೋಣ, ಇವರು ಹೋದ ಮೇಲೆ ನೋಡಿಕೊಳ್ಳೋಣ ಎಂದು ಹಾಲ್‌ಗೆ ಬಂದು ಕೂತೆ. ಆದರೆ ಪಾಠ ಹೇಳಿ ಯಾರಿಗೆ ಗೊತ್ತು? ನಾನು ಮಂಡ್ಯ ಕಡೆಯವಳು. ಬರೆಯುವಾಗ ಎಲ್ಲವೂ ಸರಿ. ಗಾಬರಿಯಾದರೆ ಮಾತ್ರ ನಾಲಗೆಯಿಂದ 'ಹ'ಕಾರ ಬಸ್ ಹತ್ತಿ ಊರಿಗೆ ಹೋಗಿಬಿಡುತ್ತದೆ.

"ಎಲ್ರೂ ಹೇಳಿ ಮಕ್ಳೇ, ಅಸು ಆಲು ಕೊಡುತ್ತೆ" ಎಂದೆ.

ದೊಡ್ಡ ಹುಡುಗ ಕಣ್ಣರಳಿಸಿದ. "ಮಮ್ಮಿ, ಕೌ ಆಲೂ ದೇತೀ ಹೈ?"

ದೆಹಲಿಯ ಮಕ್ಕಳಿಗೆ ಆಲೂ ಅಂದರೆ ಆಲೂಗಡ್ಡೆ. ಚಿಕ್ಕವನು ಆಗಲೇ ಸ್ಲೇಟಿನ ಮೇಲೆ ಹಸುವಿನ ಕೆಳಗೆ ಉರುಟು ಉರುಟಾಗಿ ಏನೋ ಬಿಡಿಸಲು ಶುರು ಮಾಡಿದ್ದ. ಮಿಸೆಸ್ ಜೋಶಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನೋಯ್ಡಾದ ಗಾರ್ಡ್ ನೋಡಿದ ಹಾಗೆಯೇ.

"ಮೇಡಂ, ನಿಮ್ಮ 'ಹ' ಎಲ್ಲಿ ಹೋತ್ರಿ?"

ಶುಭಾ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗುತ್ತಿದ್ದಳು. ಮಿಸೆಸ್ ಜೋಶಿ ಏಳುವ ಲಕ್ಷಣ ಇರಲಿಲ್ಲ. ನನ್ನ ಕೈಯಿಂದ ಪಾಠ ಕಿತ್ತುಕೊಂಡು 'ಹ'ದಿಂದ ಹಲಸು, ಹಕ್ಕಿ, ಹಗ್ಗ ಎಂದು ತಾವೇ ಶುರು ಮಾಡಿದರು. ಉಪ್ಪಿಟ್ಟು ಬಂತು. ಕಾಫಿ ಬಂತು. ನಾನು ಗೋಡೆ ಗಡಿಯಾರ ನೋಡಿದೆ. ಬ್ಯಾಗ್ ನೋಡಿದೆ. ಕೊನೆಗೆ ವಿಮಲಮ್ಮ ಎಲ್ಲರೆದುರೇ, "ಸರಿ ಮೇಡಂ, ನಿಮಗೆ ಲೇಟಾಗುತ್ತೆ. ಮುಂದಿನ ತಿಂಗಳು ಬನ್ನಿ" ಎಂದರು. ಪೇಶೆಂಟ್‌ನ ಗುಟ್ಟು ಬಿಡಿಸುವ ಹಕ್ಕು ನನಗಿಲ್ಲ. ಏನು ಮಾಡಲಿ? ಬ್ಯಾಗ್ ಎತ್ತಿಕೊಂಡೆ.

"ಸಿಸ್ಟರ್" ಎಂದಳು ಶುಭಾ.

ಮೇಡಂ ಅಲ್ಲ, ಸಿಸ್ಟರ್. ನಾಲ್ಕು ಜನರ ಎದುರು ಅವಳು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು.

"ಸಿಸ್ಟರ್, ನನ್ನ ಹುಚ್ಚುಮದ್ದು ಹಾಕ್ದೆ ಹೊರಟ್ರಾ?"

ವಿಮಲಮ್ಮ ಕಾಫಿ ಲೋಟ ಹಿಡಿದು ನಿಂತಲ್ಲೇ ನಿಂತರು. ಮಿಸೆಸ್ ಜೋಶಿ ಹಿಡಿದದ್ದು ಏನು ಗೊತ್ತೇ? ತಪ್ಪು! ಕಾಗುಣಿತದ ತಪ್ಪು!

"ಹುಚ್ಚುಮದ್ದು ಅಲ್ಲವ್ವಾ, ಚುಚ್ಚುಮದ್ದು. ಚ!"

"ಇಲ್ಲ ಆಂಟಿ" ಎಂದಳು ಶುಭಾ.  "ನಾನು ಕರೆಕ್ಟಾಗೇ ಹೇಳಿದ್ದು. ಹ. ನನಗೆ ಹುಚ್ಚು ಹಿಡಿದಿತ್ತು. ಇವರು ಟೀಚರ್ ಅಲ್ಲ, ನರ್ಸ್. ಮಂಥ್ಲಿ ಬಂದು ಇಂಜೆಕ್ಷನ್ ಹಾಕ್ತಾರೆ. ಇವತ್ತು ಹಾಕ್ಲಿಲ್ಲ ಅಂದ್ರೆ ಮಂಡೇ ನಾನು ಆಫೀಸಿಗೆ ಹೋಗೋಕಾಗಲ್ಲ. ನನಗೆ ಹೋಗ್ಬೇಕು."

ಒಂದು ಸಣ್ಣ ತಪ್ಪೂ ಇಲ್ಲದ ಕನ್ನಡ ಎಂದು ಹೇಳಲಾರೆ. ಆದರೆ ನಾನು ಎತ್ತಿಕೊಂಡಿದ್ದ ಬ್ಯಾಗನ್ನು ಮತ್ತೆ ಕೆಳಗಿಟ್ಟೆ. ಹುಚ್ಚು ಎಂಬ ಪದವನ್ನು ನಾವು ನರ್ಸುಗಳು ಬಾಯಿಗೆ ತರುವುದಿಲ್ಲ, ತರಬಾರದು ಎಂದೇ ನಮಗೆ ಕಲಿಸಿದ್ದಾರೆ. ಅವಳು ಅದನ್ನು ತನ್ನ ಮನೆಯ ಪದದಂತೆ ಎತ್ತಿ ಹೇಳಿದಳು. ಹೇಳುವ ಹಕ್ಕು ಅವಳದ್ದು, ನನ್ನದಲ್ಲ, ನಿಮ್ಮದೂ ಅಲ್ಲ.

 ಚಿಕ್ಕವನು ಸ್ಲೇಟಿನಿಂದ ತಲೆ ಎತ್ತಿ, "ದೀದಿ, ದುಖ್ತಾ ಹೈ ಕ್ಯಾ?" ಎಂದ. ನೋವಾಗುತ್ತಾ ಅಂತ.

"ಥೋಡಾ ಸಾ, ಸ್ವಲ್ಪ" ಎಂದಳು ಶುಭಾ. ಎದ್ದು ಒಳಗೆ ನಡೆದಳು. ನಾನು ಹಿಂದೆ ಹೋದೆ. ಕಾಯಿಲೆ ತಲೆಯಲ್ಲಿ, ಚುಚ್ಚುವುದು ಸೊಂಟದ ಕೆಳಗೆ. ನಮ್ಮ ವೈದ್ಯಶಾಸ್ತ್ರಕ್ಕೂ ಸ್ವಲ್ಪ ಹಾಸ್ಯಪ್ರಜ್ಞೆ ಇದೆ. ಹಾಕಿ ಮುಗಿಸಿ ಹತ್ತಿ ಒತ್ತಿ ಹಿಡಿದಾಗ ಅವಳು ಅಳುತ್ತಿದ್ದಳು. ನೋವಿಗಾ ಎಂದು ಕೇಳಿದೆ. "ಅಮ್ಮ ಬೈತಾರೆ" ಎಂದಳು.

ಅಮ್ಮ ಬೈಯಲಿಲ್ಲ. ನಾವು ಹೊರಗೆ ಬಂದಾಗ ತಣ್ಣಗಾಗಿದ್ದ ಉಪ್ಪಿಟ್ಟನ್ನು ಮತ್ತೆ ಬಿಸಿ ಮಾಡಿ ಮಗಳ ಮುಂದೆ ಇಟ್ಟರು. ನನ್ನ ಮುಖ ಮಾತ್ರ ನೋಡಲಿಲ್ಲ. ಪರವಾಗಿಲ್ಲ, ಅವರಿಗೂ ಸ್ವಲ್ಪ ಟೈಮ್ ಬೇಕು. (ಸೋಮವಾರ ಮಧ್ಯಾಹ್ನ ಶುಭಾ ಮೆಸೇಜ್ ಕಳಿಸಿದಳು: "ಆಫೀಸಲ್ಲಿ ಇದೀನಿ. ಎಸಿ ತುಂಬಾ ಥಂಡಿ." ಇಂಥ ಕಂಪ್ಲೇಂಟ್ ಓದಿ ನನಗೆ ಇಷ್ಟು ಖುಷಿ ಎಂದೂ ಆಗಿರಲಿಲ್ಲ.)

ಅಲ್ಲಿಗೆ ಮುಗಿಯಿತು ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡು ಮೆಟ್ಟಿಲಿಳಿಯುತ್ತಿದ್ದೆ. ಹಿಂದಿನಿಂದ ಚಪ್ಪಲಿ ಸದ್ದು. ಮಿಸೆಸ್ ಜೋಶಿ. ಮಕ್ಕಳನ್ನು ಮೇಲೆಯೇ ಬಿಟ್ಟು ಬಂದಿದ್ದರು. ಈಗ ಇಡೀ ಬಿಲ್ಡಿಂಗಿಗೆ ಸುದ್ದಿ ಹರಡುವ ಮುಂಚೆ ನನ್ನಿಂದ ಇನ್ನಷ್ಟು ವಿವರ ಸಂಗ್ರಹಿಸಲು ಬಂದರು ಎಂದು ಸೆಟೆದು ನಿಂತೆ. ಬೈಗುಳವೂ ನಾಲಗೆಯ ತುದಿಗೆ ಬಂದು ಕೂತಿತ್ತು.

"ಸಿಸ್ಟರ್" ಎಂದರು. ದನಿ ಹಾಲ್‌ನಲ್ಲಿ ಇದ್ದಷ್ಟು ದೊಡ್ಡದಿರಲಿಲ್ಲ. "ನಮ್ಮನಿಗೂ ಬರ್ತೀರೇನ್ರಿ?"

ನಾನು ಬೈಗುಳ ನುಂಗಿಕೊಂಡೆ.

"ಯಾರರೆ ಕೇಳಿದ್ರ, ನಮ್ಮತ್ತಿಯವ್ರಿಗೆ ಹಿಂದಿ ಕಲಸಾಕ ಬರ್ತೀರಿ ಅಂತ ಹೇಳೋಣು. ಈಗಷ್ಟ ಊರಿಂದ ಬಂದಾರ, ಯಾರಿಗೂ ಡೌಟ್ ಬರಂಗಿಲ್ಲ."

"ಅತ್ತೆಯವರಿಗೆ ಏನು ತೊಂದರೆ?" ಎಂದೆ.

"ಅವ್ರಿಗೇನ್ ಆಗೇದ್ರಿ, ಕಲ್ಲಿನಂಗ ಗಟ್ಟಿ ಅದಾರ." ಅವರು ಮೆಟ್ಟಿಲ ಕಂಬಿ ಹಿಡಿದುಕೊಂಡರು. "ನನಗ್ರಿ. ನಿದ್ದೀನ ಇಲ್ಲ. ಅಡಗಿ ಮಾಡ್ತಾ ಮಾಡ್ತಾ ಅಳು ಬರ್ತದ. ಯಾಕಂತ ಗೊತ್ತಿಲ್ಲ. ಆ ಹುಡುಗಿ ಎಷ್ಟು ಧೈರ್ಯಲೆ ಹೇಳಿದ್ಳು. ನನಗ ಆಗವಲ್ದು."

ಮೆಟ್ಟಿಲ ಮೇಲೆಯೇ ಇಬ್ಬರೂ ಕೂತೆವು. ಡಾಕ್ಟರ ಹತ್ತಿರ ಮೊದಲು ಒಮ್ಮೆ ಬರಬೇಕು, ಜೊತೆಗೆ ನಾನೇ ಇರುತ್ತೇನೆ, ಆಮೇಲೆ ಮನೆಗೆ ಬರುವುದು ಎಂದು ಹೇಳಿದೆ. ಹೂಂ ಎಂದರು. ಕಣ್ಣೊರೆಸಿಕೊಂಡರು. ಹೋಗುವ ಮುನ್ನ ಮತ್ತೆ ಹಳೆಯ ಜೋಶಿಯಾಗಿ, "ನಿಮ್ಮ ಹಿಂದಿಯರೆ ಸುದ್ದ ಅದನೋ ಇಲ್ಲೋ?" ಎಂದು ಕೇಳಿದರು.

ಇಲ್ಲ. ನನ್ನ ಹಿಂದಿಯಲ್ಲಿ ಗಂಡಸರೆಲ್ಲ ಬರುತೀ ಹೈ, ಹೆಂಗಸರೆಲ್ಲ ಹೋಗುತಾ ಹೈ. ಆದರೂ ಈ ತಿಂಗಳಿನಿಂದ ಪೀತಮ್‌ಪುರದಲ್ಲಿ ನಾನು ಹಿಂದಿ ಟೀಚರ್.

ಕಾಯಿಲೆಗೆ ಎಲ್ಲಿ ಚುಚ್ಚಬೇಕು ಎಂದು ನನಗೆ ಗೊತ್ತು. ನಾಚಿಕೆಗೆ ಎಲ್ಲಿ ಚುಚ್ಚಬೇಕು, ನಿಮಗೇನಾದರೂ ಗೊತ್ತಾ?