‘ಎದ್ದೆ ಕಣ್ಲಾ’ ಎಂದ ಉಪಗ್ರಹ

ತಪ್ಪು ನನ್ನದೇ. ಉಪಗ್ರಹಕ್ಕೆ ನಾಗವೇಣಿ ಅಕ್ಕನ ಮಾತು ಕಲಿಸಿದವನು ನಾನು.

ಕಳೆದ ವರ್ಷ ಹಿಂದೂಪುರದ ಪುಟ್ಟ ತಂಡವೊಂದರಲ್ಲಿ ಕಿರಿಯ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೆ. ಅಂದರೆ ಕೋಡ್ ಬರೆಯುವವನು, ಟೀ ತರುವವನು, ಟೀ ಹೊತ್ತಿನಲ್ಲಿ ಎಲ್ಲರ ದನಿ ಅನುಕರಿಸಿ ಬೈಸಿಕೊಳ್ಳುವವನು. ನಮ್ಮ ಉಪಗ್ರಹ ಟಿಫಿನ್ ಡಬ್ಬಿಯಷ್ಟೇ. ಮೇಲೆ ಹೋದಮೇಲೆ ಅದನ್ನು ನಡೆಸುವ ಫ್ಲೈಟ್ ಸಾಫ್ಟ್‌ವೇರ್ ಓಪನ್ ಸೋರ್ಸ್. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ‘ತಿದ್ದಬಹುದು’ ಎಂಬುದನ್ನು ನಾನು ಸ್ವಲ್ಪ ಜಾಸ್ತಿಯೇ ನಂಬಿದೆ. ಉಪಗ್ರಹವನ್ನು ಬಲೂನಿಗೆ ಕಟ್ಟಿ ಮೇಲೆ ಬಿಟ್ಟು ನೋಡುವ ಪರೀಕ್ಷೆಯ ಹಿಂದಿನ ದಿನ, ಯಾರಿಗೂ ಹೇಳದೆ, ಅದು ನೆಲಕ್ಕೆ ಕಳಿಸುವ ಇಂಗ್ಲಿಷ್ ಸಂದೇಶಗಳನ್ನು ತೆಗೆದು ನಮ್ಮ ಮುಖ್ಯಸ್ಥೆ ನಾಗವೇಣಿ ಅಕ್ಕನ ಧಾಟಿಯ ಕನ್ನಡ ಹಾಕಿದೆ. ಕಂಪ್ಯೂಟರ್ ಶುರುವಾದರೆ ‘ಎದ್ದೆ ಕಣ್ಲಾ’. ಬ್ಯಾಟರಿ ಇಳಿದರೆ ‘ಹೊಟ್ಟೆ ಹಸಿದು ಕಣ್ಣು ಕತ್ಲೆ ಬತ್ತಾ ಅದೆ ಕಣ್ಲಾ, ಒಸಿ ಬಿಸಿಲಿಗೆ ತಿರುಗ್ಸು’. ಅಕ್ಕ ನಗಲಿ ಎಂದು.

ನಗುವ ದಿನ ಅದಾಗಿರಲಿಲ್ಲ. ಬಲೂನ್ ಏರಿ ಒಡೆಯುವ ತನಕ ಉಪಗ್ರಹ ಮಾತಾಡುತ್ತಲೇ ಇದ್ದರೆ ರಾಕೆಟ್ಟಿನಲ್ಲಿ ನಮಗೊಂದು ಜಾಗ; ಇಲ್ಲವಾದರೆ ಅದು ಬೇರೆಯವರ ಪಾಲು. ಆ ಜಾಗಕ್ಕಾಗಿಯೇ ಅಕ್ಕ ಕಾಯಂ ಕೆಲಸ ಬಿಟ್ಟು ಬಂದಿದ್ದರು.

ಕಲ್ಯಾಣದುರ್ಗದ ಹೊರಗಿನ ಬಯಲಿನಿಂದ ಬಲೂನ್ ಬಿಟ್ಟೆವು. ಅಕ್ಕ ಹಿಂದೂಪುರದಲ್ಲಿ, ಆಂಟೆನಾಕ್ಕೆ ಬರುವ ಸಂದೇಶ ಓದುತ್ತ ಕೂತಿದ್ದರು. ಬಲೂನ್ ಅರ್ಧ ಏರಿರಬೇಕು, ಫೋನ್ ಬಂತು.

“ಲೋ ತಿಪ್ಪೇಶ, ಇದ್ಯಾಕ್ಲಾ ಬರೀ ‘ಎದ್ದೆ ಕಣ್ಲಾ, ಎದ್ದೆ ಕಣ್ಲಾ’ ಅಂತ ಏಳ್ತಾನೇ ಅದೆ?”

ಏನಾಗಿದೆ ಎಂದು ಹೊಳೆಯಿತು. ಮೇಲಿನ ಚಳಿಗೆ ಬ್ಯಾಟರಿ ಇಳಿದಿತ್ತು. ಆ ಉದ್ದದ ಸಂದೇಶ ಹೊರಟಿತ್ತು. ಸಂದೇಶಕ್ಕೆ ಮೀಸಲಿಟ್ಟ ಮೆಮೊರಿ ಇಂಗ್ಲಿಷಿನ ಅಳತೆಯದು. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಅಕ್ಷರ, ಒತ್ತು, ಕೊಂಬು ಒಂದೊಂದಕ್ಕೂ ಕನಿಷ್ಠ ಮೂರು ಬೇಕು. ಮಾತು ತುಂಬಿ ಚೆಲ್ಲಿ ಪಕ್ಕದ ಮೆಮೊರಿಯನ್ನು ಕೆಡಿಸುತ್ತಿತ್ತು, ಕಂಪ್ಯೂಟರ್ ಬೀಳುತ್ತಿತ್ತು, ಏಳುತ್ತಿತ್ತು, ಮತ್ತೆ ಅದೇ ಮಾತಾಡಲು ಹೋಗಿ ಬೀಳುತ್ತಿತ್ತು.

ರೇಡಿಯೋ ಕೆಟ್ಟಿದೆ ಎನ್ನಬಹುದಿತ್ತು, ಯಾರ ದನಿಯಲ್ಲಿ ಬೇಕಾದರೂ. ನನ್ನ ದನಿಯಲ್ಲೇ ಹೇಳಿದೆ.

“ಅಕ್ಕಾ, ಬ್ಯಾಟರಿ ಮೆಸೇಜ್ ನಾನೇ ಬದಲಾಯಿಸ್ಬುಟ್ಟಿದೀನಿ. ಅದು ಏಳ್ತಿದ್ದಂಗೆ ಆ ಒಂದು ಮೆಸೇಜ್ ಆಫ್ ಮಾಡೋ ಕಮ್ಯಾಂಡ್ ಕಳ್ಸಿ.”

“ಸರಿ ಕಣ್ಲಾ. ಬೈಯೋದು ಸಾಯಂಕಾಲ ಬೈತೀನಿ.”

‘ಎದ್ದೆ ಕಣ್ಲಾ’ ಇನ್ನೊಮ್ಮೆ ಬಂತು. ಆಮೇಲೆ ಬರಲಿಲ್ಲ. ಎತ್ತರ, ಒತ್ತಡ, ಉಷ್ಣತೆ ಸಾಲಾಗಿ ಇಳಿದು ಬಂದವು, ಬಲೂನ್ ಒಡೆಯುವ ತನಕ. ರಾಕೆಟ್ಟಿನಲ್ಲಿ ಜಾಗ ಸಿಕ್ಕಿತು. ಬೈಗುಳವೂ ಸಿಕ್ಕಿತು, ತಡವಾಗದೆ.

ಸಂದೇಶವನ್ನು ಮೊದಲೇ ಅಳೆದು, ಹೆಚ್ಚಾದದ್ದನ್ನು ಕತ್ತರಿಸುವ ತಿದ್ದುಪಡಿ ಬರೆದು ಮೂಲ ಸಾಫ್ಟ್‌ವೇರ್ ನೋಡಿಕೊಳ್ಳುವವರಿಗೆ ಕಳಿಸಿದೆವು. ಅವರು ಸೇರಿಸಿಕೊಂಡರು. ಇನ್ನು ಯಾವ ಊರಿನ ಉಪಗ್ರಹವೂ ತನ್ನ ಭಾಷೆ ಮಾತಾಡಿದ್ದಕ್ಕೆ ಬೀಳಬೇಕಿಲ್ಲ. ಅಂದು ಅಕ್ಕನನ್ನು ಕೇಳಿದೆ, “ನಮ್ದನ್ನ ಇನ್ಮೇಲೆ ಇಂಗ್ಲಿಷ್‌ನಾಗೇ ಮಾತಾಡ್ಸೋಣ್ವಾ?”

“ಕನ್ನಡದಾಗೇ ಮಾತಾಡ್ಲಿ ಬುಡ್ಲಾ. ಅಳ್ದು ಮಾತಾಡ್ಲಿ. ನೀನೂ ಅಷ್ಟೇಯ.”