ಏರಿಯ ಮೇಲೆ ಹೊತ್ತವರು

ಪ್ರತಿವರ್ಷ ಅಪ್ಪನ ಶ್ರಾದ್ಧದ ಊಟಕ್ಕೆ ಕೂತಾಗ ಅಣ್ಣ ಮುತ್ತುಗದ ಪತ್ರಾವಳಿಯ ಅಂಚು ಸವರುತ್ತ ಅದೇ ಕತೆ ತೆಗೆಯುತ್ತಿದ್ದ. ಅಪ್ಪ ಅವನನ್ನು ಹೆಗಲ ಮೇಲೆ ಕೂಡಿಸಿಕೊಂಡು, ಕಮಲಾಪುರದ ಆಚೆಯ ಕಾಡಿನಲ್ಲಿ ಕೆರೆಯ ಏರಿ ದಾಟಿ, ಎಲೆ ತರಲು ಹೋಗಿದ್ದರಂತೆ. ನನಗೂ ಅದೇ ನೆನಪಿತ್ತು, ಹೆಗಲ ಮೇಲೆ ಮಾತ್ರ ನಾನು: ಎಡಕ್ಕೆ ನೀರು, ನನ್ನ ಮುಷ್ಟಿಯಲ್ಲಿ ಎರಡು ಬಿಸಿ ಕಿವಿಗಳು. ಹೇಳಿದರೆ ಅಣ್ಣ ನಗುತ್ತಿದ್ದ.

"ನೀ ಆಗ ತೊಟ್ಟಿಲದಾಗ ಇದ್ದಿ. ಹೆಗಲ ಮ್ಯಾಲ ಇದ್ದಾಂವ ನಾನು."

ಅಪ್ಪ ತೀರಿಕೊಂಡಾಗ ನನಗೆ ಎರಡು ವರ್ಷ. ಆ ವಯಸ್ಸಿನ ನೆನಪನ್ನು ಬೇರೆ ಯಾರಾದರೂ ಹೇಳಿಕೊಂಡಿದ್ದರೆ ನಾನೇ ನಂಬುತ್ತಿರಲಿಲ್ಲ. ಆದರೆ ಆ ಕಿವಿಗಳನ್ನು ಬಿಟ್ಟರೆ ಅಪ್ಪನದು ಎನ್ನುವಂಥದ್ದು ನನ್ನಲ್ಲಿ ಏನೂ ಇರಲಿಲ್ಲ.

ತೊಂಬತ್ತರ ದಶಕದ ಒಂದು ಚೈತ್ರದಲ್ಲಿ ಆ ಏರಿ ಹುಡುಕಿಕೊಂಡು ಒಬ್ಬನೇ ಹೊರಟೆ. ಕಮಲಾಪುರದ ಬಸ್ ನಿಲ್ದಾಣದಲ್ಲಿ ಕೆಂಪು ಬಾಳೆಹಣ್ಣು ಕೊಂಡು, ಜೀಪು ಹಿಡಿದು, ಕಾಡಿನ ಬಾಗಿಲಲ್ಲಿ ಇಳಿದೆ. ವನ್ಯಜೀವಿಗಳಿಗೆ ತೊಂದರೆ ಕೊಡಬೇಡಿ ಎಂಬ ಫಲಕದ ಬುಡದಲ್ಲೇ ಒಂದು ಕುಟುಂಬ ಟೇಪ್ ರೆಕಾರ್ಡರ್ ಕಿರುಚಿಸುತ್ತ ಭಜಿ ಕರಿಯುತ್ತಿತ್ತು. ಹುಲಿ ಎಲ್ಲಿ ಕಾಣುತ್ತದೆ ಎಂದು ಅವರ ಹಿರಿಯ ನನ್ನನ್ನು ಕೇಳಿದ. ಉತ್ತರ ಕೊಡುವಷ್ಟು ಗೌರವ ನನಗೆ ಅವನ ಮೇಲೆ ಹುಟ್ಟಲಿಲ್ಲ.

ಕಾಡೂ ಹೇಳಿಕೊಳ್ಳುವಂತಿರಲಿಲ್ಲ. ಅರಣ್ಯ ಇಲಾಖೆಯ ನೀಲಗಿರಿಗಳು ಕವಾಯತಿಗೆ ನಿಂತಂತೆ ಸಾಲುಗಟ್ಟಿದ್ದವು. ಮುತ್ತುಗದ ಹೂವು ಉದುರಿ ಚಕ್ಕಡಿ ದಾರಿಯಲ್ಲಿ ಕಪ್ಪಾಗುತ್ತಿತ್ತು, ಚಿಗುರು ಈಗಷ್ಟೇ ಬಿಡುತ್ತಿತ್ತು. ಎಲ್ಲೋ ನವಿಲು ಕೂಗಿತು, ಕಾಣಿಸಿಕೊಳ್ಳಲಿಲ್ಲ. ದಾರಿ ಬದಿಯ ಹುಣಸೆ ಮರದ ಕೆಳಗೆ ಕೂತು ಹಣ್ಣು ತಿಂದೆ. ಮುಂದೆ ಹೋದರೆ ಏರಿ. ಎಡಕ್ಕೆ ನೀರು, ನೆನಪಿನಲ್ಲಿದ್ದ ಹಾಗೆಯೇ. ಒಂದು ಕ್ಷಣ ಅಣ್ಣನನ್ನು ಸೋಲಿಸಿದೆ ಎಂದುಕೊಂಡೆ.

ಏರಿಯ ತುದಿಯಲ್ಲಿ ಮಂತ್ರಿಯೊಬ್ಬರ ಹೆಸರು ಹೊತ್ತ ಕಲ್ಲು. ಕೆರೆ ಕಟ್ಟಿಸಿದ ವರ್ಷ ಓದಿದೆ. ಅದು ಅಪ್ಪ ಹೋದ ಮರುವರ್ಷ. ಶ್ರಾದ್ಧ ಮಾಡುವ ಮನೆಯಲ್ಲಿ ಆ ಲೆಕ್ಕ ಯಾರಿಗೂ ತಪ್ಪುವುದಿಲ್ಲ. ಅಪ್ಪ ಈ ಏರಿಯನ್ನು ಕಂಡೇ ಇರಲಿಲ್ಲ. ಅಣ್ಣನ ಬಡಾಯಿ ಮಣ್ಣುಪಾಲಾಯಿತು, ನನ್ನದೂ.

ಸಂಜೆ ಬ್ರಹ್ಮಪುರದ ನಮ್ಮ ಮನೆಗೆ ಬಂದಾಗ ಅಣ್ಣ ಪಡಸಾಲೆಯಲ್ಲಿದ್ದ. ಮೂಲೆಯಲ್ಲಿ ಕಾಕಾ, ಅಪ್ಪನ ತಮ್ಮ, ಶ್ರಾದ್ಧಕ್ಕೆ ಪತ್ರಾವಳಿ ಹಚ್ಚುತ್ತಿದ್ದರು. ಯಾವ ನೌಕರಿಯಲ್ಲೂ ವರ್ಷ ನಿಲ್ಲದ ಮನುಷ್ಯ. ಪಂಕ್ತಿಯ ಕೊನೆಯಲ್ಲಿ ಅವರನ್ನು ಕೂಡಿಸುತ್ತಿದ್ದೆವು, ಅವರ ಮಾತಿಗೆ ನಮ್ಮಲ್ಲಿ ಯಾರೂ ಕಿವಿಗೊಡುತ್ತಿರಲಿಲ್ಲ. ನಾನು ಕಲ್ಲಿನ ವಿಷಯ ಹೇಳಿದೆ.

"ಸರ್ಕಾರದವರು ಕಲ್ಲಿನ ಮ್ಯಾಲ ಏನ್ ಬೇಕಾದ್ದು ಬರಿತಾರ," ಎಂದ ಅಣ್ಣ. "ಅಪ್ಪನ ಹೆಗಲು ನನಗ ಗೊತ್ತಿಲ್ಲೇನು?"

ಕಾಕಾ ಎಲೆಗೆ ಕಡ್ಡಿ ಚುಚ್ಚುತ್ತಲೇ ನನ್ನನ್ನು ಕೇಳಿದರು: "ಏರಿಗಿಂತ ಮೊದಲ ಒಂದು ಹುಣಸಿ ಗಿಡ ಇತ್ತು. ಇನ್ನೂ ಅದ ಏನು? ಅಲ್ಲಿ ತನಕ ನನ್ನ ಹೆಗಲ ಮ್ಯಾಲ ನಿಮ್ಮಣ್ಣ ಬರತಿದ್ದ. ಮುಂದ ನೀನು ಬರತಿದ್ದಿ. ಕಿವಿ ಭಾಳ ಜಗ್ಗತಿದ್ದಿ."

ಅಣ್ಣ ಎದ್ದು ಒಳಗೆ ಹೋದ. "ಅದ ಕಾಕಾ, ಹುಣಸಿ ಗಿಡ ಇನ್ನೂ ಅದ," ಅಂದೆ.